ಕುಂಬಳೆ ಕಡಲ ಬದಿಯ ಹಳೇ ಮನೆಗೆ ಶೀಟಿನ ಮಾಡು (ಛಾವಣಿ): ಯಾವ ಶೀಟು, ಯಾವ ಸ್ಕ್ರೂ, ಹೊದಿಸುವುದು ಹೇಗೆ?

ಕೊಯಿಪ್ಪಾಡಿ_ಪಡುಮನೆ

ಎಲ್ಲರಿಗೂ ನಮಸ್ಕಾರ. ಕುಂಬಳೆ ಹತ್ತಿರ ಕೊಯಿಪ್ಪಾಡಿಯಲ್ಲಿ ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಕಡಲಿಗೂ ಮನೆಗೂ ನಡುವೆ ಒಂದು ತೆಂಗಿನ ತೋಟ, ಒಂದು ರಸ್ತೆ, ಅಷ್ಟೆ. ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದು ಪಡು ಬದಿಯ ಮಾಡು ಬಾಗಿದೆ. ಹಂಚು ಸರಿ ಮಾಡಲಿಕ್ಕೆ ಮೊದಲು ಬರುತ್ತಿದ್ದವರಿಗೆ ವಯಸ್ಸಾಯಿತು, ಈಗಿನವರು ಮಾಡು ಹತ್ತಲಿಕ್ಕೆ ಒಪ್ಪುವುದಿಲ್ಲ. ಅಮ್ಮನಿಗೆ ಹಂಚೇ ಬೇಕು, ತಮ್ಮನಿಗೆ ಶೀಟು.

ಶೀಟಿನ ದಪ್ಪ ಎಷ್ಟು ಎಂಎಂ ಬೇಕೆಂದು ಅಂಗಡಿಗಳಲ್ಲಿ ಕೇಳಿದರೆ ಒಬ್ಬರು "0.35 ಸಾಕು" ಎನ್ನುತ್ತಾರೆ, ಇನ್ನೊಬ್ಬರು "0.50ಕ್ಕಿಂತ ಕೆಳಗೆ ಮುಟ್ಟಬೇಡಿ" ಎನ್ನುತ್ತಾರೆ, ಮತ್ತೊಬ್ಬರು "ಅಲ್ಯೂಮಿನಿಯಂ ಹಾಕಿ ಮರೆತುಬಿಡಿ" ಎಂದು ಹೇಳಿ ಕಳಿಸಿದರು. ಪತ್ತನಾಜೆಯೊಳಗೆ, ಎಂದರೆ ಮೇ ಕೊನೆಗೆ ಮಳೆ ಹಿಡಿಯುವ ಮೊದಲು, ಕೆಲಸ ಮುಗಿಯಬೇಕು.

ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ಪಕ್ಕದ ಮನೆಯವರ ಕಲರ್ ಶೀಟು ಮೇಲಿಂದ ನೋಡಿದರೆ ಇನ್ನೂ ಹೊಸತರ ಹಾಗೆ ಉಂಟು. ಜಗಲಿಯಲ್ಲಿ ನಿಂತು ತಲೆಯೆತ್ತಿದರೆ ಸೂರಿನ ಒಳಮೈ ಇಡೀ ಕೆಂಪು ಚುಕ್ಕಿ, ಸ್ಕ್ರೂಗಳ ಸುತ್ತ ತುಕ್ಕಿನ ಉಂಗುರ. ಮಳೆ ಬೀಳುವಲ್ಲಿ ಇಲ್ಲದ ತುಕ್ಕು ಮಳೆ ಬೀಳದಲ್ಲಿ ಯಾಕೆ?

ಬದಿಯಡ್ಕ_ತೋಟ

ನಮ್ಮಲ್ಲಿ ಅಡಿಕೆ ಒಣಗಿಸುವ ತಾರಸಿಯ ಮೇಲಿನ ಪೈಪಿನ ಚೌಕಟ್ಟಿಗೆ, ಎಂದರೆ ಟ್ರಸ್‌ಗೆ 0.35 ಹಾಕಿದ್ದು, ಏನೂ ಆಗಿಲ್ಲ. ಆದರೆ ನಾವು ಕಡಲಿನಿಂದ ಎಷ್ಟೋ ಒಳಗೆ. ಕೊಯಿಪ್ಪಾಡಿಗೆ ನಮ್ಮ ಲೆಕ್ಕ ಹಿಡಿಯಬೇಡಿ.

ಬಹರೈನ್_ಭಾವ

ಪಡುಮನೆಯವರೇ, ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಉಂಟು. ನಾನು ಕೊಲ್ಲಿಯಲ್ಲಿ ಉಕ್ಕಿನ ಟ್ಯಾಂಕು, ಪೈಪುಗಳ ಪೇಂಟು ತಪಾಸಣೆಯ ಕೆಲಸದಲ್ಲಿದ್ದವ, ಊರಿಗೆ ಬಂದ ಮೇಲೂ ಕಣ್ಣು ಹೋಗುವುದು ತುಕ್ಕಿನ ಕಡೆಗೇ.

ಕಡಲ ಗಾಳಿ ತರುವ ಉಪ್ಪು ಶೀಟಿನ ಮೇಲೂ ಕೂರುತ್ತದೆ, ಕೆಳಗೂ ಕೂರುತ್ತದೆ. ಮೇಲಿನದ್ದನ್ನು ಮಳೆ ತೊಳೆದುಬಿಡುತ್ತದೆ. ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಎಂಎಂ ಮಳೆ, ಅದಕ್ಕಿಂತ ದೊಡ್ಡ ಚಾಕರಿಯವ ಯಾರೂ ಸಿಗಲಿಕ್ಕಿಲ್ಲ. ಸೂರಿನ ಒಳಮೈ, ಜಗಲಿಯ ಮಾಡಿನ ಕೆಳಭಾಗ, ಒಂದು ಶೀಟಿನ ಮೇಲೆ ಇನ್ನೊಂದು ಕೂರುವ ಸಂದು, ಇಲ್ಲೆಲ್ಲ ಒಂದು ಹನಿಯೂ ತಾಗುವುದಿಲ್ಲ. ಅಲ್ಲಿ ಉಪ್ಪು ಕೂತದ್ದು ಕೂತೇ ಇರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುತ್ತದಲ್ಲ, ಶೀಟಿನ ಅಡಿಯಲ್ಲಿ ನಡೆಯುವುದೂ ಅದೇ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕೂ ಮೊದಲೇ ಒದ್ದೆಯಾಗುತ್ತದೆ. ಹಾಗಾಗಿ ಬಿಸಿಲಿನ ದಿನವೂ ನಿಮ್ಮ ಸೂರಿನ ಒಳಮೈ ಕಣ್ಣಿಗೆ ಕಾಣದ ಉಪ್ಪುನೀರಿನಲ್ಲಿ ನೆನೆಯುತ್ತಲೇ ಇರುತ್ತದೆ. ಸಾಲದ್ದಕ್ಕೆ ಕಲರ್ ಶೀಟಿನ ಹಿಂಬದಿಯ ಪೇಂಟು ಮುಂಬದಿಗಿಂತ ತೆಳು.

ಇನ್ನು ಶೀಟಿನ ಜಾತಿ. ಕಬ್ಬಿಣದ ಮೇಲೆ ಬರೇ ಸತುವು ಹಚ್ಚಿದ್ದು ಜಿಐ. ಅಲ್ಯೂಮಿನಿಯಂ ನೂರಕ್ಕೆ 55, ಸತುವು 43.4, ಸಿಲಿಕಾನ್ 1.6 ಸೇರಿದ ಲೇಪ ಹಚ್ಚಿದ್ದು ಗ್ಯಾಲ್ವಾಲ್ಯೂಮ್. ಎರಡರ ಮೇಲೂ ಬಣ್ಣ ಹಾಕಿ ಮಾರುತ್ತಾರೆ, ಬಣ್ಣ ನೋಡಿ ಒಳಗೆ ಯಾವುದು ಎಂದು ಹೇಳಲಿಕ್ಕೆ ಆಗುವುದಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಮಾತು "ಎಷ್ಟು ಎಂಎಂ" ಅಲ್ಲ, "ಯಾವ ಲೇಪ, ಎಷ್ಟು ಗ್ರಾಂ".

ಝೆಡ್120 ಎಂದರೆ ಒಂದು ಚದರ ಮೀಟರಿಗೆ ಎರಡೂ ಮೈ ಸೇರಿ 120 ಗ್ರಾಂ ಸತುವು. ಒಂದು ಮೈಗೆ ಲೆಕ್ಕ ಹಾಕಿದರೆ ಎಂಟೂವರೆ ಮೈಕ್ರಾನ್ ಹತ್ತಿರ. ಝೆಡ್275 ಆದರೆ ಒಂದು ಮೈಗೆ ಸುಮಾರು 19 ಮೈಕ್ರಾನ್. ಐಎಸ್ಒ 9223 ಎಂಬ ಮಾನಕ ಗಾಳಿಯ ತುಕ್ಕುಗುಣವನ್ನು ಸಿ1ರಿಂದ ಸಿ5ರ ತನಕ, ಅದರ ಮೇಲೆ ಸಿಎಕ್ಸ್ ಎಂದು ವಿಂಗಡಿಸಿದೆ. ಸಿ5ರಲ್ಲಿ ಮೊದಲ ವರ್ಷ ಸತುವು ಸವೆಯುವುದು 4.2ರಿಂದ 8.4 ಮೈಕ್ರಾನ್. ಅಲೆಯ ಸದ್ದು ಕೇಳುವಷ್ಟು ಹತ್ತಿರ ಇರುವವರು ತಮ್ಮದು ಸಿ4 ಅಥವಾ ಸಿ5 ಎಂದೇ ಹಿಡಿಯುವುದು ಕ್ಷೇಮ. ಆ ಲೆಕ್ಕದಲ್ಲಿ ಝೆಡ್120 ಎಷ್ಟು ಮಳೆಗಾಲ ಬಾಳೀತು, ನೀವೇ ಭಾಗಿಸಿ ನೋಡಿ. ಇದಕ್ಕೇ ನಾನು ಕಡಲ ಬದಿಗೆ ಸಾದಾ ಜಿಐ ಬೇಡ ಎನ್ನುವುದು. ಗ್ಯಾಲ್ವಾಲ್ಯೂಮ್ ಆದರೆ ಎಝೆಡ್150ಕ್ಕಿಂತ (ಚದರ ಮೀಟರಿಗೆ ಎರಡೂ ಮೈ ಸೇರಿ 150 ಗ್ರಾಂ ಲೇಪ) ಕಡಿಮೆ ಬೇಡ, ಅದರ ಮೇಲೆ ಒಳ್ಳೆಯ ಪೇಂಟು. ಸಾದಾ ಪಾಲಿಯೆಸ್ಟರಿಗಿಂತ ಸೂಪರ್ ಡ್ಯೂರೇಬಲ್ ಪಾಲಿಯೆಸ್ಟರ್ ಮೇಲು, ಪಿವಿಡಿಎಫ್ ಅದಕ್ಕಿಂತ ಮೇಲು, ಬೆಲೆಯೂ ಹಾಗೇ ಏರುತ್ತದೆ. ಬಿಲ್ಲಿನಲ್ಲಿ ಐಎಸ್ 15965 ಎಂದು ಬರೆಸಿಕೊಳ್ಳಿ. ಬಣ್ಣ ಹಾಕಿದ ಅಲ್ಯೂಮಿನಿಯಂ-ಸತುವು ಲೇಪದ ಶೀಟಿನ ಭಾರತೀಯ ಮಾನಕ ಅದು.

ವಾರಂಟಿ ಕಾಗದ ಪೂರ್ತಿ ಓದಿ. ಕಡಲಿನಿಂದ ಇಷ್ಟು ದೂರದೊಳಗೆ ಇದ್ದರೆ ಅನ್ವಯಿಸುವುದಿಲ್ಲ, ಮಳೆ ತಾಗದ ಭಾಗಕ್ಕೆ ಅನ್ವಯಿಸುವುದಿಲ್ಲ ಎಂಬ ಸಾಲುಗಳು ಸಣ್ಣ ಅಕ್ಷರದಲ್ಲಿ ಇರುತ್ತವೆ.

ಕೊಯಿಪ್ಪಾಡಿ_ಪಡುಮನೆ

ಭಾವ, ತುಂಬಾ ಉಪಕಾರ. ಹಾಗಾದರೆ 0.50 ಎಝೆಡ್150 ಎಂದು ಗಟ್ಟಿ ಮಾಡಿದರೆ ಮುಗಿಯಿತಾ?

ಉಪ್ಪಳ_ವೆಲ್ಡಿಂಗ್

ಮುಗಿಯಲಿಲ್ಲ ಅಣ್ಣ. ಉಪ್ಪಳದಿಂದ ಮೊಗ್ರಾಲ್ ತನಕ ಕಡಲ ಬದಿಯ ಕೆಲಸ ನಾವು ಮಾಡುತ್ತಾ ಬಂದಿದ್ದೇವೆ. ಬಿಚ್ಚಲಿಕ್ಕೆ ಕರೆದ ಹಳೇ ಮಾಡುಗಳಲ್ಲಿ ಶೀಟಿನ ನಡುಭಾಗ ತೂತಾದದ್ದನ್ನು ಕಂಡದ್ದು ಬಹಳ ಕಡಿಮೆ. ಹಾಳಾಗಿರುವುದು ಸ್ಕ್ರೂ, ಕತ್ತರಿಸಿದ ಅಂಚು, ಕೆಳಗಿನ ಪೈಪು. ಜನ ಶೀಟಿನ ಕಂಪೆನಿ ವಿಚಾರಿಸಲಿಕ್ಕೆ ಮಂಗಳೂರು ತನಕ ಹೋಗುತ್ತಾರೆ, ಸ್ಕ್ರೂ ಮಾತ್ರ "ನೀವೇ ತನ್ನಿ" ಎಂದು ನಮಗೆ ಬಿಡುತ್ತಾರೆ. ಹಣ ಉಳಿಸುವ ಜಾಗ ಅದಲ್ಲ.

ಪೈಪಿನಿಂದ ಸುರು ಮಾಡುತ್ತೇನೆ. ಎಂಎಸ್ ಎನ್ನುವ ಸಾದಾ ಉಕ್ಕಿನ ಬಾಕ್ಸ್ ಪೈಪಿಗೆ ಒಂದು ಕೈ ರೆಡ್ ಆಕ್ಸೈಡ್ ಬಳಿದು ಮೇಲೇರಿಸಿದರೆ ಕಡಲ ಗಾಳಿಗೆ ಅದು ನಿಲ್ಲುವುದಿಲ್ಲ. ಜಿಐ ಪೈಪು ತನ್ನಿ, ದಪ್ಪ 2 ಎಂಎಂಗಿಂತ ಕಮ್ಮಿ ಬೇಡ. ಜಿಐ ಆದರೂ ವೆಲ್ಡಿಂಗ್ ಹೊಡೆದಲ್ಲಿ ಸತುವು ಸುಟ್ಟುಹೋಗಿ ಬರೇ ಕಬ್ಬಿಣ ಉಳಿಯುತ್ತದೆ. ಪ್ರತಿಯೊಂದು ಜಾಯಿಂಟನ್ನೂ ವಯರ್ ಬ್ರಶ್‌ನಲ್ಲಿ ತಿಕ್ಕಿ, ಕಿಟ್ಟ ಉದುರಿಸಿ, ಜಿಂಕ್ ರಿಚ್ ಪ್ರೈಮರ್, ಅದರ ಮೇಲೆ ಎಪಾಕ್ಸಿ ಬಳಿಸಬೇಕು. ಅದನ್ನು ನೆಲದಲ್ಲೇ ಮಾಡಿಸಿ. ಮೇಲೇರಿಸಿದ ಮೇಲೆ ಪೈಪಿನ ಬೆನ್ನಿಗೆ ಬ್ರಶ್ ಹೋಗುವುದಿಲ್ಲ, ಶೀಟು ಕೂರುವುದು ಅದೇ ಬೆನ್ನಿನ ಮೇಲೆ. ಪೈಪಿನ ತೆರೆದ ಬಾಯಿಗಳನ್ನೆಲ್ಲ ತುಂಡು ತಗಡು ಬೆಸೆದು ಮುಚ್ಚಿಸಿ. ಇಲ್ಲದಿದ್ದರೆ ಉಪ್ಪುಗಾಳಿ ಒಳಗೆ ಹೋಗಿ ಪೈಪು ಒಳಗಿನಿಂದ ಸವೆಯುತ್ತದೆ, ಹೊರಗೆ ಪೇಂಟು ಮಿರಮಿರ ಮಿಂಚುತ್ತಲೇ ಇರುತ್ತದೆ.

ಶೀಟನ್ನು ಗ್ರೈಂಡರಿನಲ್ಲಿ ಕತ್ತರಿಸಲಿಕ್ಕೆ ಬಿಡಲೇಬೇಡಿ. ನಮ್ಮವರಿಗೆ ಅದೇ ಸಲೀಸು, ಆದರೆ ಕಿಡಿಯ ಬಿಸಿಗೆ ಅಂಚಿನ ಲೇಪ ಸುಟ್ಟುಹೋಗುತ್ತದೆ, ಹಾರಿದ ಕಿಡಿ ಪಕ್ಕದ ಶೀಟಿನ ಪೇಂಟಿನೊಳಗೆ ಹುಗಿಯುತ್ತದೆ. ಒಂದು ಮಳೆ ಬಂದರೆ ಸಾಕು, ಶೀಟಿನ ತುಂಬಾ ಕೆಂಪು ಚುಕ್ಕಿ. ಅಳತೆ ಕೊಟ್ಟು ಫ್ಯಾಕ್ಟರಿಯಲ್ಲೇ ಉದ್ದಕ್ಕೆ ಸರಿಯಾಗಿ ತುಂಡು ಮಾಡಿಸಿ ತನ್ನಿ, ಉಳಿದ ಸಣ್ಣಪುಟ್ಟದ್ದಕ್ಕೆ ತಗಡಿನ ಕತ್ತರಿ ಅಥವಾ ನಿಬ್ಲರ್. ಸ್ಕ್ರೂ ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ದಿನಾ ಸಂಜೆ ಮೆತ್ತಗಿನ ಪೊರಕೆಯಲ್ಲಿ ಗುಡಿಸಿಸಿ.

ಇನ್ನೊಂದು, ಗುರುತು ಹಾಕಲಿಕ್ಕೆ ಪೆನ್ಸಿಲ್ ಬೇಡ. ಪೆನ್ಸಿಲಿನಲ್ಲಿರುವುದು ಗ್ರಾಫೈಟ್, ಬಣ್ಣ ಇಲ್ಲದ ಗ್ಯಾಲ್ವಾಲ್ಯೂಮಿನ ಮೇಲೆ ಗೆರೆ ಎಳೆದರೆ ಆ ಗೆರೆ ಇದ್ದಲ್ಲೇ ಲೇಪ ತಿಂದುಹೋಗುತ್ತದೆ. ಮಾರ್ಕರ್ ಪೆನ್ ಕೊಡಿ.

ಹೊಸಬೆಟ್ಟು_ಮನೆ

ನಮ್ಮದು ಮಂಜೇಶ್ವರ ಹೊಸಬೆಟ್ಟು, ನಿಮಗಿಂತಲೂ ಕಡಲಿಗೆ ಹತ್ತಿರ. ನಾವು ಅಲ್ಯೂಮಿನಿಯಂ ಹಾಕಿಸಿದ್ದೇವೆ, ನನಗೆ ಸಮಾಧಾನ ಉಂಟು. ಅದಕ್ಕೆ ತುಕ್ಕು ಎಂಬುದಿಲ್ಲ, ಗಾಳಿ ತಾಗಿದ ಕೂಡಲೇ ತನ್ನ ಮೇಲೆ ತಾನೇ ತೆಳ್ಳಗಿನ ಪದರ ಕಟ್ಟಿಕೊಳ್ಳುತ್ತದೆ. ಅಂಚು ಕತ್ತರಿಸಿದರೂ ಗೀರು ಬಿದ್ದರೂ ಹೆದರಬೇಕಾಗಿಲ್ಲ. ಮುಂದೆ ಬಿಚ್ಚಿದರೆ ಗುಜರಿಯಲ್ಲೂ ಒಳ್ಳೆ ಬೆಲೆ.

ಆದರೆ "ಹಾಕಿ ಮರೆತುಬಿಡಿ" ಎಂದದ್ದನ್ನು ನಂಬಬೇಡಿ ಅಣ್ಣ. ಮೊದಲನೆಯದು, ಅದು ಮೆದು. ತೆಂಗಿನಕಾಯಿ ಬಿದ್ದರೆ ತಗ್ಗು ಬಿದ್ದಂತೆಯೇ. ಮಾಡಿನ ಮೇಲೆ ಬಾಗಿದ ಮರ ಇದ್ದರೆ ಮೊದಲು ಅದರ ವ್ಯವಸ್ಥೆ ಮಾಡಿ. ಎರಡನೆಯದು, ಬಿಸಿಲಿಗೆ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. ಆರು ಮೀಟರಿನ ಶೀಟು 40 ಡಿಗ್ರಿ ಬಿಸಿ ಏರಿಳಿದರೆ ಉಕ್ಕು ಸುಮಾರು 3 ಎಂಎಂ ಹಿಗ್ಗಿದರೆ ಅಲ್ಯೂಮಿನಿಯಂ 6 ಎಂಎಂ ಹತ್ತಿರ ಹೋಗುತ್ತದೆ. ತೂತನ್ನು ಸ್ಕ್ರೂಗಿಂತ ಸ್ವಲ್ಪ ದೊಡ್ಡದು ಮಾಡಿ ದೊಡ್ಡ ವಾಷರ್ ಹಾಕದಿದ್ದರೆ ಕೆಲವು ವರ್ಷದಲ್ಲಿ ತೂತು ತಾನೇ ಉದ್ದವಾಗಿ ಸೋರುತ್ತದೆ.

ಮೂರನೆಯದ್ದು ಬಹಳ ಮುಖ್ಯ. ಅಲ್ಯೂಮಿನಿಯಂ ನೇರವಾಗಿ ಕಬ್ಬಿಣದ ಪೈಪಿಗೆ ತಾಗಬಾರದು. ಎರಡು ಲೋಹ, ನಡುವೆ ಉಪ್ಪುನೀರು ಎಂದರೆ ಅಲ್ಲೊಂದು ಬ್ಯಾಟರಿಯೇ ಆಯಿತು, ಸವೆಯುವುದು ಅಲ್ಯೂಮಿನಿಯಂ. ನಾವು ಪ್ರತಿ ಪೈಪಿನ ಬೆನ್ನಿಗೆ ರಬ್ಬರಿನ ಪಟ್ಟಿ ಅಂಟಿಸಿದ ಮೇಲೆಯೇ ಶೀಟು ಇಡಿಸಿದ್ದು. ಕೆಲಸದವರು ಬೇಡವೆಂದರು, ನಾನು ಬಿಡಲಿಲ್ಲ.

ಬದಿಯಡ್ಕ_ತೋಟ

ಅಕ್ಕ, ಗೋಡೆಗೆ ಶೀಟು ಸೇರುವ ಜಾಗದಲ್ಲಿ ಎಂತ ಮಾಡಿದಿರಿ? ನಮ್ಮಲ್ಲಿ ಮೇಸ್ತ್ರಿ ಸಿಮೆಂಟು ಮೆತ್ತಿದ್ದು ವರ್ಷ ವರ್ಷ ಬಿರಿಯುತ್ತದೆ.

ಹೊಸಬೆಟ್ಟು_ಮನೆ

ಸಿಮೆಂಟು ಬಿರಿಯುವುದಷ್ಟೇ ಅಲ್ಲ, ಶೀಟನ್ನೂ ತಿನ್ನುತ್ತದೆ. ಒದ್ದೆ ಸಿಮೆಂಟು, ಸುಣ್ಣ ಎರಡೂ ಕ್ಷಾರ, ಅಲ್ಯೂಮಿನಿಯಂಗೂ ಗ್ಯಾಲ್ವಾಲ್ಯೂಮಿಗೂ ಆಗದು. ಗೋಡೆಯಲ್ಲಿ ಉದ್ದಕ್ಕೆ ಒಂದು ಗೀರು ಹೊಡೆಸಿ, ಅದರೊಳಗೆ ಅದೇ ಲೋಹದ ಮಡಚಿದ ತಗಡು ಸಿಕ್ಕಿಸಿ, ಅದು ಶೀಟಿನ ಮೇಲೆ ಇಳಿಯುವ ಹಾಗೆ ಮಾಡಿ ಮೇಲಿನ ಸಂದಿಗೆ ಸಿಲಿಕೋನ್ ತುಂಬಿಸಿದ್ದೇವೆ. ಸಿಲಿಕೋನ್ ಕೊಳ್ಳುವಾಗ ನ್ಯೂಟ್ರಲ್ ಕ್ಯೂರ್ ಎಂದು ಕೇಳಿ. ವಿನೆಗರಿನ ಹುಳಿ ವಾಸನೆ ಬರುವ ಸಾದಾ ಸಿಲಿಕೋನಿನಿಂದ ಆಮ್ಲ ಬಿಡುತ್ತದೆ, ಲೋಹದ ಮೇಲೆ ಅದು ಬೇಡ.

ಕೊಯಿಪ್ಪಾಡಿ_ಪಡುಮನೆ

ಸ್ಕ್ರೂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ. ತಮ್ಮ ಸ್ಟೇನ್‌ಲೆಸ್ ಸ್ಟೀಲಿನದ್ದೇ ತರೋಣ, ತಕರಾರೇ ಇಲ್ಲ ಎನ್ನುತ್ತಾನೆ.

ಬಹರೈನ್_ಭಾವ

ತಮ್ಮನ ಮಾತು ಅಲ್ಯೂಮಿನಿಯಂ ಶೀಟಿಗೆ ಸರಿ. ಅಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಹಾಕುತ್ತಾರೆ, 304 ಕಡಲ ಬದಿಯಲ್ಲಿ ಕಂದು ಕಲೆ ಹಿಡಿಯುತ್ತದೆ. ಗ್ಯಾಲ್ವಾಲ್ಯೂಮಿಗೆ ಮಾತ್ರ ಕಣ್ಣು ಮುಚ್ಚಿ ಸ್ಟೇನ್‌ಲೆಸ್ ತರಬೇಡಿ. ಸ್ಟೇನ್‌ಲೆಸ್ ತಾನು ಉಳಿದು, ತನ್ನ ಸುತ್ತಲಿನ ಸತುವಿನ ತೆಳು ಲೇಪವನ್ನು ಬಲಿ ಕೊಡುತ್ತದೆ. ಆಸ್ಟ್ರೇಲಿಯಾದ ದೊಡ್ಡ ಶೀಟು ತಯಾರಕರೇ ಇದನ್ನು ಬೇಡ ಎಂದಿದ್ದಾರೆ, ಅವರಿಗೆ ಕಡಲ ಕರೆಯ ಮನೆಗಳ ಅನುಭವ ಬೇಕಾದಷ್ಟಿದೆ. ಅಲ್ಲಿಯ ಮಾನಕದಲ್ಲಿ ಸ್ಕ್ರೂಗಳಿಗೆ ಕ್ಲಾಸ್ ಎಂಬ ಶ್ರೇಣಿ ಉಂಟು, ತೀರ ಕಡಲ ಬದಿಗೆ ಕ್ಲಾಸ್ 4. ಇಲ್ಲಿಯೂ ಒಳ್ಳೆಯ ಡೀಲರುಗಳ ಹತ್ತಿರ ಕೇಳಿದರೆ ತರಿಸಿಕೊಡುತ್ತಾರೆ. ಅಂಗಡಿಯ ಡಬ್ಬದಲ್ಲಿ ಫಳಫಳ ಹೊಳೆಯುವ ಸಾದಾ ಜಿಂಕ್ ಸ್ಕ್ರೂವಿನ ಲೇಪ ಕೆಲವೇ ಮೈಕ್ರಾನ್. ಯಾವ ಶೀಟು ಕೊಂಡಿರೋ ಅದರ ಕಂಪೆನಿ ಯಾವ ಸ್ಕ್ರೂ ಹೇಳಿದೆಯೋ ಅದನ್ನೇ ಹಾಕಿಸಿ, ಬಿಲ್ಲಿನಲ್ಲಿ ಸ್ಕ್ರೂವನ್ನೂ ಬರೆಸಿ.

ವಾಷರ್ ಇಪಿಡಿಎಂ ರಬ್ಬರಿನದ್ದೇ ಆಗಬೇಕು. ಬಿಗಿ ಎಷ್ಟು ಎಂಬುದನ್ನು ಕಣ್ಣಳತೆಯಲ್ಲಿ ನೋಡಬಹುದು. ರಬ್ಬರು ಮೇಲಿನ ಲೋಹದ ಬಿಲ್ಲೆಯ ಅಂಚಿನ ತನಕ ಬಂದು ಕೂದಲೆಳೆಯಷ್ಟು ಉಬ್ಬಿದರೆ ಸರಿ. ಹೊರಗೆ ಚಿಮ್ಮಿ ಓರೆಯಾದರೆ ಬಿಗಿ ಹೆಚ್ಚಾಯಿತು, ಆ ರಬ್ಬರು ಬೇಗ ಸೀಳುತ್ತದೆ. ಬೆರಳಿನಲ್ಲಿ ತಿರುಗಿಸಲಿಕ್ಕೆ ಬಂದರೆ ಸಾಲದು. ಮಿಷನಿನಲ್ಲಿ ಆಳ ಹೊಂದಿಸುವ ವ್ಯವಸ್ಥೆ ಇರುತ್ತದೆ, ಕೆಲಸದವರಿಗೆ ಮೊದಲ ಸಾಲಿನಲ್ಲೇ ತೋರಿಸಿಕೊಡಿ.

ಮಾಡಿನ ಮೇಲೆ ತಾಮ್ರ ಕೂಡದು. ಎಸಿಯ ತಾಮ್ರದ ಪೈಪಿನಿಂದ ತೊಟ್ಟಿಕ್ಕುವ ನೀರು ಶೀಟಿಗೆ ಬಿದ್ದರೂ ಆ ದಾರಿಯುದ್ದಕ್ಕೂ ಲೇಪ ಹೋಗುತ್ತದೆ.

ಪೆರ್ಲ_ಮಾಷ್ಟ್ರು

ಶೀಟಿನ ಚರ್ಚೆಯಲ್ಲಿ ಹಂಚಿನ ಪರ ಒಂದು ಮಾತು ಹೇಳಲಿಕ್ಕೆ ಅವಕಾಶ ಕೊಡಿ. ಪಡುಮನೆಯವರ ಅಮ್ಮನ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬಾರದು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮಾಡು ಬದಲಾಯಿತು. ಉಪ್ಪುಗಾಳಿಗೆ ಮಣ್ಣಿನ ಹಂಚು ಜಗ್ಗುವುದಿಲ್ಲ. ನಿಮ್ಮ ಮನೆಯಲ್ಲಿ ಸೋತದ್ದು ಮರ, ಹಂಚಲ್ಲ. ಜಿಐ ಪೈಪಿನ ಟ್ರಸ್ ಮಾಡಿ ಅದೇ ಹಳೇ ಹಂಚನ್ನು ತೊಳೆದು ಮತ್ತೆ ಹೊದಿಸಬಹುದು, ಕೆಳಗೆ ಸೀಲಿಂಗ್ ಹಂಚು ಇಟ್ಟರೆ ಸೆಕೆಯೂ ಕಡಿಮೆ. ಪೈಪಿನ ಬಗ್ಗೆ ವೆಲ್ಡಿಂಗಿನವರು ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ.

ತೂಕದಲ್ಲೂ ಹಂಚಿಗೆ ಒಂದು ಗುಣ ಉಂಟು. ಹಂಚಿನ ಮಾಡು ಚದರ ಮೀಟರಿಗೆ 40 ಕಿಲೋ ಆಸುಪಾಸು, 0.50 ಶೀಟು ಐದು ಕಿಲೋ ಒಳಗೆ. ನಮ್ಮ ಕರಾವಳಿಗೆ ಐಎಸ್ 875 ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ 140 ಕಿಲೋಮೀಟರ್. ಆ ವೇಗದ ಗಾಳಿಯ ಒತ್ತಡ ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 93 ಕಿಲೋ. ಮಾಡಿನ ಮೂಲೆ, ಅಂಚುಗಳಲ್ಲಿ ಮೇಲಕ್ಕೆ ಎಳೆಯುವ ಬಲ ಇದಕ್ಕಿಂತಲೂ ಹೆಚ್ಚಾಗಬಹುದು. ಐದು ಕಿಲೋದ ಶೀಟನ್ನು 93 ಕಿಲೋ ಬಲ ಎಳೆಯುವಾಗ ಅದನ್ನು ಹಿಡಿದಿಡುವುದು ಸ್ಕ್ರೂ ಮಾತ್ರ, ಸ್ಕ್ರೂವನ್ನು ಹಿಡಿಯುವುದು ಪೈಪು, ಪೈಪನ್ನು ಹಿಡಿಯುವುದು ಗೋಡೆಗೆ ಹಾಕಿದ ಬೋಲ್ಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಡಲು ಹೇಗಿತ್ತೆಂದು ಕೊಯಿಪ್ಪಾಡಿಯವರಿಗೆ ನಾನು ಹೇಳಬೇಕಾಗಿಲ್ಲ. ಹಳೇ ಮುರಕಲ್ಲಿನ ಗೋಡೆಯಲ್ಲಿ ಬೋಲ್ಟು ಸುಮ್ಮನೆ ನಿಲ್ಲುವುದಿಲ್ಲ, ಗೋಡೆಯ ಮೇಲೆ ಸುತ್ತ ಒಂದು ಕಾಂಕ್ರೀಟ್ ಬೆಲ್ಟ್ ಹಾಕಿಸಿ ಅದರಲ್ಲಿ ಬೋಲ್ಟು ಹೂಳಬೇಕು.

ಉಪ್ಪಳ_ವೆಲ್ಡಿಂಗ್

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ. ಬೆಲ್ಟ್ ಹಾಕದ ಮುರಕಲ್ಲಿನ ಗೋಡೆಗೆ ಶೀಟಿನ ಮಾಡು ಕೂರಿಸಲಿಕ್ಕೆ ನಾನು ಒಪ್ಪುವುದಿಲ್ಲ.

ಹೊದಿಸುವಾಗ ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಸೂರಿನ ಸಾಲಿಗೆ, ಮಾಡಿನ ನೆತ್ತಿಯ ರಿಡ್ಜಿನ ಸಾಲಿಗೆ ಪ್ರತಿ ಉಬ್ಬಿಗೂ ಒಂದು. ನಡುವೆ ಒಂದು ಬಿಟ್ಟು ಒಂದು ಆಗಬಹುದು. ಅಡ್ಡ ಪೈಪುಗಳ ನಡುವೆ ನಾವು ನಾಲ್ಕು ಅಡಿ ಬಿಡುತ್ತೇವೆ, ಸೂರಿನ ಹತ್ತಿರ, ರಿಡ್ಜಿನ ಹತ್ತಿರ ಮೂರು. ಕೊನೆಯ ಪೈಪಿನಿಂದ ಹೊರಗೆ ಶೀಟು ಅರ್ಧ ಅಡಿಗಿಂತ ಹೆಚ್ಚು ಚಾಚಬಾರದು, ಗಾಳಿ ಮೊದಲು ಹಿಡಿಯುವುದು ಅಲ್ಲಿಯೇ.

ಯಾವ ತುದಿಯಿಂದ ಸುರು ಮಾಡಬೇಕು ಎಂಬುದನ್ನು ಮನೆಯವರೇ ನಿಂತು ನೋಡಬೇಕು. ನಮ್ಮಲ್ಲಿ ಮಳೆಗಾಳಿ ಬರುವುದು ಪಡು-ತೆಂಕು ಮೂಲೆಯಿಂದ. ನಿಮ್ಮ ಮಾಡು ಮೂಡು-ಪಡುವಿಗೆ ಇಳಿಯುವುದಾದರೆ ಬಡಗು ತುದಿಯಿಂದ ಹಾಕುತ್ತಾ ತೆಂಕಿಗೆ ಬರಬೇಕು. ಆಗ ಮೇಲಿನ ಶೀಟಿನ ಅಂಚು ಬಡಗು ದಿಕ್ಕಿಗೆ ಬಾಯಿ ಮಾಡುತ್ತದೆ, ಗಾಳಿ ಸಂದಿಯೊಳಗೆ ಮಳೆ ನುಗ್ಗಿಸುವುದಿಲ್ಲ. ಉಲ್ಟಾ ಹಾಕಿದರೆ ಎಷ್ಟು ಸೀಲೆಂಟ್ ಹಚ್ಚಿದರೂ ಆಟಿ ತಿಂಗಳ ಜೋರು ಮಳೆಯಲ್ಲಿ ಸೋರುತ್ತದೆ.

ಬದಿಯಡ್ಕ_ತೋಟ

ದನದ ಹಟ್ಟಿಗೂ ಇದೇ ಗ್ಯಾಲ್ವಾಲ್ಯೂಮ್ ಆದೀತಾ? ಈ ಸಲ ಹಟ್ಟಿಯದ್ದೂ ಬದಲಿಸಬೇಕು.

ಬಹರೈನ್_ಭಾವ

ಹಟ್ಟಿಗೆ ಬೇಡ. ಗಂಜಲ, ಸೆಗಣಿಯಿಂದ ಏಳುವ ಅಮೋನಿಯಾ ಆ ಲೇಪಕ್ಕೆ ವೈರಿ, ತಯಾರಕರು ದನದ ಕೊಟ್ಟಿಗೆಗೆ ವಾರಂಟಿ ಕೊಡದೆ ಇರುವುದು ಇದಕ್ಕೇ. ಹಟ್ಟಿಗೆ ಹಂಚು ಅಥವಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಶೀಟು ನೋಡಿ. ಯುಪಿವಿಸಿಗೆ ತುಕ್ಕಿನ ಪ್ರಶ್ನೆಯೇ ಇಲ್ಲ, ಆದರೆ ಅದು ಬಿಸಿಗೆ ಅಲ್ಯೂಮಿನಿಯಂಗಿಂತಲೂ ಹೆಚ್ಚು ಹಿಗ್ಗುತ್ತದೆ, ತೂತು ದೊಡ್ಡದಾಗಿಯೇ ಕೊರೆಯಬೇಕು.

ಕೊಯಿಪ್ಪಾಡಿ_ಪಡುಮನೆ

ಅಮ್ಮನಿಗೆ ಮಾಷ್ಟ್ರ ಮಾತು ಓದಿ ಹೇಳಿದೆ, ಖುಷಿಪಟ್ಟರು. ಈಗ ಮನೆಯಲ್ಲಿ ಮಾತಾದದ್ದು ಹೀಗೆ: ಒಳಮನೆಗೆ ಜಿಐ ಟ್ರಸ್ ಮೇಲೆ ಹಳೇ ಹಂಚು, ಪಡು ಬದಿಯ ಜಗಲಿಗೂ ಅಡುಗೆಮನೆ ಚಾಯಿಪಿಗೂ (ಗೋಡೆಗೆ ತಾಗಿಸಿ ಒಂದೇ ಬದಿಗೆ ಇಳಿಸಿದ ಮಾಡು) ಶೀಟು. ಆದರೆ ಮಳೆ ತಾಗದೆ ಉಪ್ಪು ಕೂರುವುದು ಜಗಲಿಯಲ್ಲೇ ಅಲ್ಲವಾ?

ಬಹರೈನ್_ಭಾವ

ಹೌದು, ಅದಕ್ಕೆ ನೀರೇ ಮದ್ದು. ನವೆಂಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಪೈಪು ಹಿಡಿದು ಜಗಲಿಯ ಮಾಡಿನ ಒಳಮೈ, ಸೂರಿನ ಅಂಚು, ಅಡ್ಡ ಪೈಪುಗಳ ಬೆನ್ನು ತೊಳೆಯಿರಿ. ಮಳೆಗಾಲದಲ್ಲೂ ಮಧ್ಯೆ ಮಧ್ಯೆ ತೊಳೆಯಿರಿ, ಯಾಕೆಂದರೆ ಆ ಜಾಗಕ್ಕೆ ಮಳೆಗಾಲವೂ ಒಂದೇ, ಬೇಸಗೆಯೂ ಒಂದೇ. ಸೋಪು ಬೇಡ, ಉಜ್ಜುವುದೂ ಬೇಡ. ನೀರು ಮಾತ್ರ ಸಿಹಿಯಾಗಿರಬೇಕು. ಕಡಲ ಬದಿಯ ಕೊಳವೆಬಾವಿ ಏಪ್ರಿಲಿನಲ್ಲಿ ಉಪ್ಪಾಗುವ ಮನೆಗಳು ಬೇಕಾದಷ್ಟಿವೆ, ಆ ನೀರಿನಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು. ಬಾಯಿಗೆ ಹಾಕಿ ನೋಡಿ, ಉಪ್ಪೆನಿಸಿದರೆ ಬೇರೆ ನೀರು.

ಜಗಲಿಗೆ ನನ್ನ ಓಟು ಹೊಸಬೆಟ್ಟು ಅಕ್ಕನ ಅಲ್ಯೂಮಿನಿಯಂಗೆ. ಸಣ್ಣ ಜಾಗ, ಹಣದ ವ್ಯತ್ಯಾಸವೂ ದೊಡ್ಡದಾಗಲಿಕ್ಕಿಲ್ಲ.

ಪೆರ್ಲ_ಮಾಷ್ಟ್ರು

ಸಿಹಿನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸಾವಿರ ಚದರಡಿಯ ಮಾಡಿನ ಮೇಲೆ ವರ್ಷಕ್ಕೆ 3500 ಎಂಎಂ ಮಳೆ ಎಂದರೆ ಮೂರು ಲಕ್ಷ ಲೀಟರಿಗೂ ಮಿಕ್ಕಿದ ನೀರು. ಸೂರಿನ ನೀರು ಹಿಡಿಯುವ ದಂಬೆ ಕಟ್ಟಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಬಾವಿಯ ಬದಿಯ ಇಂಗುಗುಂಡಿಗೆ ಇಳಿಸಿ. ಕಡಲ ಬದಿಯಲ್ಲಿ ಬಾವಿಗೆ ಉಪ್ಪು ನುಗ್ಗದ ಹಾಗೆ ತಡೆಯುವುದು ಒಳಗಿನ ಸಿಹಿನೀರಿನ ಒತ್ತಡವೇ. ದಂಬೆ ಪಿವಿಸಿಯದ್ದೇ ಆಗಲಿ, ಎಲೆ ಕೊಳೆತು ಮೊದಲು ತುಕ್ಕು ಹಿಡಿಯುವುದು ತಗಡಿನ ದಂಬೆಗೇ.

ಉಪ್ಪಳ_ವೆಲ್ಡಿಂಗ್

ಶೀಟು ಮನೆಗೆ ಬಂದ ದಿನವೇ ಒಂದನ್ನು ತೂಗಿ. ಅಡಿಕೆ ತೂಗುವ ತಕ್ಕಡಿ ಸಾಕು. 0.50 ಎಂದು ಮಾರುವುದು ಹಲವು ಸಲ ಪೇಂಟು, ಲೇಪ ಎಲ್ಲ ಸೇರಿದ ದಪ್ಪ, ಒಳಗಿನ ಉಕ್ಕು ಅದಕ್ಕಿಂತ ಕಡಿಮೆ. ನಾವು ಬಿಎಂಟಿ ಎಷ್ಟು ಎಂದು ಕೇಳುವುದು ಆ ಬರೇ ಉಕ್ಕಿನ ದಪ್ಪವನ್ನು. 1220 ಎಂಎಂ ಅಗಲದ ತಗಡಿನ ಸುರುಳಿಯಿಂದ (ಕಾಯಿಲ್) ಮಾಡಿದ ಹತ್ತಡಿಯ ಉಕ್ಕಿನ ಶೀಟು ಬಿಎಂಟಿ 0.45 ಆದರೆ ಸುಮಾರು 13.9 ಕಿಲೋ, 0.40 ಆದರೆ ಸುಮಾರು 12.4 ಕಿಲೋ ಬರಬೇಕು. ಒಂಬತ್ತೂವರೆ ಬಂತೆಂದರೆ ನಿಮಗೆ ಕೊಟ್ಟದ್ದು 0.35ರ ಸರಕು. ಇಳಿಸುವ ಮೊದಲೇ ವಾಪಸ್ ಕಳಿಸಿ.

ಇಳಿಸಿದ ಮೇಲೆ ಒಂದರ ಮೇಲೊಂದು ಪೇರಿಸಿ ಟರ್ಪಾಲು ಬಿಗಿದು ಇಡಬೇಡಿ. ಮೇ ತಿಂಗಳ ಒಂದು ಮಳೆಯ ನೀರು ನಡುವೆ ಸಿಕ್ಕಿಕೊಂಡರೆ ಜಿಐ ಬೆಳ್ಳಗೆ ಬೂದಿ ಹಿಡಿಯುತ್ತದೆ, ಗ್ಯಾಲ್ವಾಲ್ಯೂಮ್ ಕಪ್ಪಾಗುತ್ತದೆ. ಜಗಲಿಯಲ್ಲಿ ಮರದ ತುಂಡಿನ ಮೇಲೆ, ಒಂದು ತುದಿ ಎತ್ತರಿಸಿ ಇಡಿ.

ಹೊಸಬೆಟ್ಟು_ಮನೆ

ಎಲ್ಲರೂ ತುಕ್ಕಿನ ಬಗ್ಗೆಯೇ ಹೇಳಿದಿರಿ, ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಶೀಟಿನ ಅಂಚಿಗೋ ಟ್ರಸ್ಸಿನ ಪೈಪಿಗೋ ತಾಗದ ಹಾಗೆ ಕೆಲಸ ಸುರುವಾಗುವ ಮೊದಲೇ ಸರಿಸಿಕೊಳ್ಳಿ. ಗಾಳಿಗೆ ಉಜ್ಜಿ ಉಜ್ಜಿ ವಯರಿನ ಸಿಪ್ಪೆ ಹೋದರೆ ಇಡೀ ಮಾಡಿಗೆ ಕರೆಂಟು. ಟ್ರಸ್ಸಿಗೆ ಅರ್ಥಿಂಗ್ ಕೊಡಿಸಿ, ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಇಲ್ಲದಿದ್ದರೆ ಈಗಲೇ ಹಾಕಿಸಿ. ಇದರಲ್ಲಿ ತಡ ಮಾಡಬೇಡಿ ಅಣ್ಣ, ಮನೆಯಲ್ಲಿ ಅಮ್ಮ ಇದ್ದಾರೆ.

ಕೊಯಿಪ್ಪಾಡಿ_ಪಡುಮನೆ

ಅಕ್ಕ, ನಾಳೆಯೇ ಕೆಎಸ್ಇಬಿ (ಕೇರಳದ ವಿದ್ಯುತ್ ಮಂಡಳಿ) ಆಫೀಸಿಗೆ ಹೋಗುತ್ತೇನೆ, ವಯರು ಈಗ ಪಕ್ಕಾಸಿನ ತುದಿಗೆ ಕಟ್ಟಿಯೇ ಉಂಟು. ಕೊನೆಯದಾಗಿ ಒಂದು: ಚಾಯಿಪಿನ ಇಳಿಜಾರು ಈಗ ಬಹಳ ಕಡಿಮೆ. ಅದೇ ಮಟ್ಟಕ್ಕೆ ಶೀಟು ಹಾಕಿದರೆ ಆಗುತ್ತದಾ?

ಉಪ್ಪಳ_ವೆಲ್ಡಿಂಗ್

ಹತ್ತಡಿ ಓಟಕ್ಕೆ ಒಂದೂಮುಕ್ಕಾಲು ಅಡಿ ಇಳಿತ ಸಿಗುವ ಹಾಗೆ ಗೋಡೆಯ ಬದಿ ಎತ್ತರಿಸಿ, ಅದು ಹತ್ತು ಡಿಗ್ರಿ ಆಗುತ್ತದೆ. ಅದಕ್ಕಿಂತ ಕಡಿಮೆಗೂ ಹಾಕುವವರಿದ್ದಾರೆ, ನಮ್ಮ ಮಳೆಗೆ ಬೇಡ. ಉದ್ದಕ್ಕೆ ಜಾಯಿಂಟ್ ಬಾರದ ಹಾಗೆ ಗೋಡೆಯಿಂದ ಸೂರಿನ ತನಕ ಒಂದೇ ಶೀಟು ಬರಲಿ. ಆರ್ಡರ್ ಕೊಡುವ ಮೊದಲು ನಿಮ್ಮ ಓಣಿಯ ತಿರುವಿನಲ್ಲಿ ಅಷ್ಟುದ್ದದ ಶೀಟಿನ ಗಾಡಿ ತಿರುಗುತ್ತದಾ ನೋಡಿಕೊಳ್ಳಿ. ಟ್ರಸ್ ನಿಂತ ಮೇಲೆ ಅಳತೆಗೆ ನಾನೇ ಬರುತ್ತೇನೆ, ಹಳೇ ಮಾಡಿನ ಅಳತೆ ಹಿಡಿದು ಶೀಟು ತರಿಸಬೇಡಿ.